ಬಲೂನ್ ಒಡೆಯುವ ಓದು

ಸೌಂಡ್ ಟೆಕ್ನಾಲಜಿಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ ಅಂದರೆ ಬಳ್ಳಾರಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಡಿಜೆ ಹಾಕ್ತೀಯೇನಪಾ?"

ನಿನ್ನೆ ನಮ್ಮ ಓಣಿಯ ಖಾಲಿ ಕಲ್ಯಾಣ ಮಂಟಪದಲ್ಲಿ ಬಲೂನ್ ಒಡೆದು ರೆಕಾರ್ಡ್ ಮಾಡಿದೆ. ವಾಚ್‌ಮನ್ ತಾತ ಬೆಚ್ಚಿಬಿದ್ದರು, ಪಾಪ. ಆ ಒಂದು 'ಢಬ್' ಸಾಕು. ಸದ್ದು 60 ಡೆಸಿಬಲ್ (ಸದ್ದಿನ ಜೋರು ಅಳೆಯುವ ಮಾನ) ಇಳಿಯೋಕೆ ಎಷ್ಟು ಹೊತ್ತು ಬೇಕು, ಅಂದರೆ ಹಾಲ್‌ನಲ್ಲಿ ಸದ್ದು ಎಷ್ಟು ಹೊತ್ತು ಗುಂಯ್‌ಗುಡುತ್ತದೆ ಅಂತ ಲೆಕ್ಕ ಸಿಗುತ್ತದೆ. 1890ರ ದಶಕದಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ವಾಲೇಸ್ ಸೇಬಿನ್ ಇದನ್ನು ಅಳೆಯಲು, ಸದ್ದು ಹೀರುವ ಥಿಯೇಟರ್ ಸೀಟಿನ ಮೆತ್ತೆಗಳನ್ನೇ ಹಾಲ್‌ಗೆ ಸಾಗಿಸಿದ್ದರಂತೆ. ಎಂಥಾ ಹುಚ್ಚು ಅಲ್ವಾ!

ನಮ್ಮ ಮಂಟಪದಲ್ಲಿ ಮೆತ್ತೆ ಎಲ್ಲಿಂದ ಬರಬೇಕು? ಕೆಳಗೆ ಟೈಲ್ಸ್, ಸುತ್ತ ಬರೀ ಗೋಡೆ, ಸದ್ದು ಬಡಿದು ಬಡಿದು ವಾಪಸ್ ಬರುತ್ತದೆ. ಮೈಕ್‌ನವರು ವಾಲ್ಯೂಮ್ ಏರಿಸಿದಷ್ಟೂ ಮಾತು ಕಲಸುಮೇಲೋಗರ. ಜನ ತುಂಬಿದ ಮೇಲೆ ಮಾತ್ರ ಸ್ವಲ್ಪ ಪರವಾಗಿಲ್ಲ. ಸೀರೆ, ಶಾಲು, ಮೈ ಎಲ್ಲ ಸೇರಿ ಒಂದಿಷ್ಟು ಸದ್ದನ್ನು ಹೀರಿಕೊಳ್ಳುತ್ತವೆ.