ಮಡಿಕೇರಿಯ ಪಿನ್‌ಕೋಡ್ ಅವಿಭಾಜ್ಯ ಅಂತ ಹೇಗೆ ಗೊತ್ತು?

ಮಡಿಕೇರಿಯಲ್ಲಿ ಮಕ್ಕಳಿಗೆ ಗಣಿತ ಟ್ಯೂಷನ್ ಹೇಳುತ್ತೇನೆ. ಹೊಸ ಬ್ಯಾಚ್ ಬಂದಾಗೆಲ್ಲ ಬೋರ್ಡಿನ ಮೇಲೆ 571201 ಬರೆದು, "ಇದು ನಮ್ಮೂರಿನ ಪಿನ್‌ಕೋಡ್. ಅವಿಭಾಜ್ಯ ಸಂಖ್ಯೆಯೂ ಹೌದು" ಅನ್ನುತ್ತೇನೆ. ಮಕ್ಕಳದ್ದೂ, ಅವರನ್ನು ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರದ್ದೂ ಒಂದೇ ಪ್ರಶ್ನೆ: "ಐದು ಲಕ್ಷ ಚಿಲ್ಲರೆ ಸಲ ಭಾಗಿಸಿ ನೋಡಿದ್ರಾ ಸಾರ್?"

ಇಲ್ಲ. 133 ಸಲ ಸಾಕು. ಅದರಲ್ಲೂ ಐದು ಪುಕ್ಕಟೆ.

ಕಾಫಿ ನರ್ಸರಿ ನೋಡಿದ್ದೀರಲ್ವಾ? 24 ಸಸಿ ಇದ್ದರೆ ನಾಲ್ಕು ಸಾಲಲ್ಲಿ ಆರಾರು ಇಡಬಹುದು, ಮೂರು ಸಾಲಲ್ಲಿ ಎಂಟೆಂಟು ಇಡಬಹುದು. 23 ಇದ್ದರೆ ಒಂದೇ ಉದ್ದನೆಯ ಸಾಲು. ಅವಿಭಾಜ್ಯ ಅಂದ್ರೆ ಅಷ್ಟೇ. ಈಗ 571201 ಸಸಿಗಳನ್ನು ಸಮನಾದ ಸಾಲುಗಳಲ್ಲಿ ಜೋಡಿಸಬೇಕು. 756 ಸಾಲು, ಸಾಲಿಗೆ 756 ಅಂದರೆ 571536 ಸಸಿ ಬೇಕಾಗುತ್ತೆ. ನಮ್ಮ ಹತ್ತಿರ ಅಷ್ಟಿಲ್ಲ. ಹಾಗಾಗಿ ಜೋಡಿಸಲು ಆಗುವುದಾದರೆ ಉದ್ದವೋ ಅಗಲವೋ, ಒಂದಂತೂ 755ರ ಒಳಗೇ ಇರಬೇಕು. ಅಷ್ಟರೊಳಗೆ ಸಿಗುವ ಅವಿಭಾಜ್ಯಗಳು 133. ಮಿಕ್ಕವನ್ನು ಮುಟ್ಟುವುದೇ ಬೇಡ. 2ರಿಂದ ಭಾಗವಾಗದ್ದು 6ರಿಂದ ಹೇಗೆ ಆದೀತು?

ಪುಕ್ಕಟೆ ಅಂದೆನಲ್ಲ, ಅದು ಹೀಗೆ. ಒಂದು ಕಳೆಯಿರಿ, 571200. ಇದು 2, 3, 5, 7, 17 ಈ ಐದರಿಂದಲೂ ಸರಿಯಾಗಿ ಭಾಗವಾಗುತ್ತೆ. ಕಳೆದ ಒಂದನ್ನು ವಾಪಸ್ ಸೇರಿಸಿದರೆ ಐದಕ್ಕೂ ಶೇಷ 1. ಆ 17 ಎಲ್ಲಿಂದ ಬಂತೋ, ನೋಡಿದಾಗೆಲ್ಲ ಖುಷಿಯಾಗುತ್ತೆ.

ಉಳಿದ 128ನ್ನು ಮಳೆಗಾಲದಲ್ಲಿ ಕರೆಂಟ್ ಇಲ್ಲದ ಒಂದು ಸಂಜೆ ನೋಟ್‌ಬುಕ್ಕಿನಲ್ಲಿ ಶುರು ಮಾಡಿದೆ. ಮುಗಿದದ್ದು ಮೂರನೇ ದಿನ. 13ಕ್ಕೆ ಶೇಷ 7, 19ಕ್ಕೆ 4. 89ಕ್ಕೆ ಬಂದಾಗ ಎದೆ ಧಸಕ್ಕೆಂದಿತು. 89×6418 ಅಂದರೆ 571202. ಒಂದೇ ಒಂದು ಜಾಸ್ತಿ! ಎರಡು ಸಲ ಗುಣಿಸಿ ನೋಡಿದೆ. ಕೊನೆಯದು 751, ಅದಕ್ಕೆ ಶೇಷ 441.

ಇದು ಯಾರೋ ಲೆಕ್ಕ ಹಾಕಿ ಕೊಟ್ಟದ್ದಲ್ಲ. 1972ರಲ್ಲಿ ಪಿನ್‌ಕೋಡ್ ಬಂದಾಗ ಮೊದಲ ಮೂರು ಅಂಕಿ ಅಂಚೆ ವಿಂಗಡಿಸುವ ವಲಯಕ್ಕೆ, ಕೊನೆಯ ಮೂರು ಅಂಚೆ ಕಚೇರಿಗೆ ಅಂತ ಇಟ್ಟರು. ಮಡಿಕೇರಿಗೆ 201 ಬಿತ್ತು, ಅಷ್ಟೇ.

ಈಗ ಬೇರೆ ಊರಿನವರೂ ಕೇಳುತ್ತಾರೆ. ವಿರಾಜಪೇಟೆ 571218, ಕುಶಾಲನಗರ 571234, ಸೋಮವಾರಪೇಟೆ 571236. ಎಲ್ಲ ಸಮಸಂಖ್ಯೆ, ಎರಡರಲ್ಲೇ ಕಥೆ ಮುಗೀತು. ಗೋಣಿಕೊಪ್ಪದ ಗೆಳೆಯನೊಬ್ಬ ಮಾತ್ರ ತುಂಬಾ ಆಸೆಯಿಂದ ಫೋನ್ ಮಾಡಿದ್ದ. ಅವರದು 571213. ನೋಡಿದರೆ ಬೆಸ, ಅಂಕಿಗಳನ್ನು ಕೂಡಿದರೆ 19, ಹಾಗಾಗಿ ಮೂರಕ್ಕೂ ಸಿಗಲ್ಲ. 7, 11, 13, 17, 19, 23 ಎಲ್ಲ ದಾಟಿತು. 29ಕ್ಕೆ ಸಿಕ್ಕಿಬಿತ್ತು: 29×19697.

"ಇನ್ನೊಂದು ಸಲ ನೋಡು ಮಾರಾಯ" ಅಂದ.