ಕಳಲೆ ಪಾಠ

ನಿನ್ನೆ ರಾತ್ರಿ ಮಗ ಫೋನ್ ಮಾಡಿದ್ದ. ಮಿಜೋರಾಂನ ವೈರೆಂಗ್ಟೆಯಲ್ಲಿದ್ದಾನೆ. ನಮ್ಮ ಸೇನೆಯ ಕಾಡು ಯುದ್ಧದ ಶಾಲೆ 1970ರಿಂದ ಅಲ್ಲೇ ಇದೆ. ಕಾಡಲ್ಲಿ ಜೀವ ಉಳಿಸಿಕೊಳ್ಳೋದು ಹೇಗೆ ಅಂತ ಸೈನಿಕರಿಗೆ ಕಲಿಸುವ ಕೆಲಸ ಅವನದು. ಹೊರದೇಶದ ಸೈನಿಕರೂ ಅಲ್ಲಿಗೆ ಕಲಿಯೋಕೆ ಬರುತ್ತಾರೆ.

"ಅಮ್ಮಾ, ಇವತ್ತು ಕಳಲೆ ಪಾಠ ಮಾಡಿದೆ" ಅಂದ. ಕಳಲೆ ಅಂದರೆ ಬಿದಿರಿನ ಎಳೆ ಮೊಳಕೆ. ಹಸಿ ಕಳಲೆಯಲ್ಲಿ ವಿಷ ಇರುತ್ತೆ, ಹಾಗೇ ತಿನ್ನಬಾರದು, ಹೆಚ್ಚಿ ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಬೇಕು ಅಂತ ಹೇಳಿಕೊಟ್ಟನಂತೆ. ಕೇಳ್ತಾ ಕೇಳ್ತಾ ನನ್ನ ಕಣ್ಣು ತುಂಬಿ ಬಂತು.

ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕಳಲೆ ಇಲ್ಲದ ಮನೆ ಇಲ್ಲ. ಹೆಚ್ಚಿ ಮೂರು ದಿನ ನೆನೆಸಿಡುತ್ತಿದ್ದೆ. ದಿನಾ ನೀರು ಬದಲಿಸೋದು ಇವನ ಕೆಲಸ. ಏಳು ವರ್ಷದ ಹುಡುಗ. ಪಾತ್ರೆ ಎತ್ತೋಕಾಗದೆ ಎರಡೂ ಕೈಯಲ್ಲಿ ಹಿಡಿದು ಅಂಗಳದವರೆಗೆ ಎಳೆದುಕೊಂಡು ಹೋಗುತ್ತಿದ್ದ. ದಾರಿಯುದ್ದಕ್ಕೂ ನೀರು.

ಈಗ ಅದೇ ಕೈ ಹಸಿ ಬಿದಿರಿನ ಅಂಡೆಯಲ್ಲಿ ಅನ್ನ ಬೇಯಿಸೋದು ತೋರಿಸುತ್ತಿದೆ. ಯಾರದೋ ಮಕ್ಕಳು ಮನೆಗೆ ವಾಪಸ್ ಬರಲಿ ಅಂತ. ತುಂಬಾ ಹೆಮ್ಮೆ ಆಗುತ್ತಿದೆ, ಹೇಳಿಕೊಳ್ಳದೆ ಇರೋಕೆ ಆಗಲಿಲ್ಲ.

"ಈ ಸಲ ಕಳಲೆ ಸಿಕ್ತಾ?" ಅಂತ ಕೇಳಿದ. ಸಿಕ್ಕಿದೆ ಮಗಾ. ಇವತ್ತಿಗೆ ಎರಡನೇ ದಿನ, ನೀರು ಬದಲಿಸಬೇಕು.