ಹ್ಯಾಂಬರ್ಗ್‌ನ ಎಲ್ಬ್‌ಫಿಲ್‌ಹಾರ್ಮೊನಿ: ಮೇಲೆ ಫೋಟೋ ತೆಕ್ಕೊಂಡು ವಾಪಸ್ ಬರ್ಬೇಡಿ, ಒಳಗೆ ಕೂತು ಕೇಳಿ

ಬೆಂಗಳೂರಿಂದ ಅಪ್ಪ ಅಮ್ಮ ಬಂದಿದ್ರು, ನಾವಿರೋದು ಜರ್ಮನಿಯ ಬ್ರೆಮೆನ್‌ನಲ್ಲಿ. ಅಪ್ಪ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಛೇರಿ ಕೇಳ್ಕೊಂಡೇ ದೊಡ್ಡವರಾದೋರು, ಅವ್ರಿಗೆ ಕೋಟೆ ಕೊತ್ತಲ ಚರ್ಚು ತೋರ್ಸೋದಕ್ಕಿಂತ ಒಂದು ಒಳ್ಳೆ ಕಛೇರಿ ಕೇಳ್ಸೋಣ ಅನ್ನಿಸ್ತು. ಎಂಟು ವರ್ಷದ ಮಗಳನ್ನೂ ಕರ್ಕೊಂಡು ಐದು ಜನ ಹ್ಯಾಂಬರ್ಗ್‌ನ ಎಲ್ಬ್‌ಫಿಲ್‌ಹಾರ್ಮೊನಿ ಅನ್ನೋ ಸಂಗೀತದ ಹಾಲ್‌ಗೆ ಹೋಗ್ಬಂದ್ವಿ. ಮನೇಲಿ ವಯಸ್ಸಾದವರು, ಮಕ್ಕಳು ಇರೋರು ಹೋಗೋ ಹಾಗಿದ್ರೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಮೊದ್ಲು ಟಿಕೆಟ್ ವಿಷ್ಯ, ಯಾಕಂದ್ರೆ ನಾವು ಎಡವಿದ್ದು ಅಲ್ಲೇ. ಆತುರಕ್ಕೆ ಬಿದ್ದು ಯಾವುದೋ ಮರುಮಾರಾಟದ ಸೈಟ್‌ನಲ್ಲಿ ಬುಕ್ ಮಾಡ್ದೆ, ಹೆಚ್ಚುಕಮ್ಮಿ ಎರಡರಷ್ಟು ದುಡ್ಡು ಹೋಯ್ತು, ಮೇಲಿಂದ ಐದೂ ಸೀಟು ಒಂದ್ಕಡೆ ಸಿಗ್ಲಿಲ್ಲ, ನಮ್ಮವರು ಎಲ್ಲೋ ಮೂರು ಸಾಲು ಮೇಲೆ ಒಬ್ರೇ ಕೂರಬೇಕಾಯ್ತು. ಹಾಲ್‌ನವರ ಅಥವಾ ಆರ್ಕೆಸ್ಟ್ರಾದವರ ಸ್ವಂತ ಸೈಟ್‌ನಲ್ಲೇ ತಗೊಳಿ. ಎರಡನೇದು, ಹ್ಯಾಂಬರ್ಗ್‌ನ ಸ್ಟೇಟ್ ಆರ್ಕೆಸ್ಟ್ರಾದವರು ಭಾನುವಾರ ಬೆಳಿಗ್ಗೆ 11ಕ್ಕೆ ಇಲ್ಲಿ ಕಛೇರಿ ಇಟ್ಕೋತಾರೆ, ಅದೇ ನಮ್ಮಂಥೋರಿಗೆ ಸರಿ. ರಾತ್ರಿ 8ರದ್ದಕ್ಕೆ ಹೋದ್ರೆ ಮಗು ತೂಕಡಿಸತ್ತೆ, ವಾಪಸ್ ಟ್ರೇನ್ ಟೆನ್ಷನ್ ಬೇರೆ. ಇನ್ನೂ ಚಿಕ್ಕ ಮಕ್ಕಳಿದ್ರೆ ಫುಂಕೆಲ್‌ಕಾನ್ಸರ್ಟ್ ಅಂತ ವಯಸ್ಸಿಗೆ ತಕ್ಕ ಹಾಗೆ ಬೇರೆಬೇರೆ ಕಾರ್ಯಕ್ರಮ ಮಾಡ್ತಾರೆ, ಅದನ್ನ ಹುಡ್ಕಿ.

ಬ್ರೆಮೆನ್‌ನಿಂದ ಹೋಗೋರು ನೀಡರ್‌ಝಾಕ್ಸೆನ್ ಟಿಕೆಟ್ ಅನ್ನೋ ದಿನದ ಟಿಕೆಟ್ ಒಂದು ತಗೊಂಡ್ರೆ ಐದು ಜನ ಲೋಕಲ್ ಟ್ರೇನ್‌ನಲ್ಲಿ ಹೋಗಿ ಬರ್ಬಹುದು, ಹ್ಯಾಂಬರ್ಗ್ ಒಳಗಿನ ಮೆಟ್ರೋಗೂ ಅದೇ ನಡೆಯತ್ತೆ. ಮೇನ್ ಸ್ಟೇಷನ್‌ನಿಂದ ಯು3 ಮೆಟ್ರೋ ಹಿಡಿದು ಬೌಮ್‌ವಾಲ್‌ನಲ್ಲಿ ಇಳೀರಿ. ಆ ಮೆಟ್ರೋ ಬಂದರಿನ ಹತ್ರ ನೆಲದ ಮೇಲೆ, ಸೇತುವೆ ಮೇಲೇ ಓಡತ್ತೆ, ಅಲ್ಲಿಂದ್ಲೇ ಕಟ್ಟಡ ಕಾಣತ್ತೆ. ಕೆಳಗೆ ಇಟ್ಟಿಗೆ ಗೋದಾಮು, ಅದರ ತಲೆ ಮೇಲೆ ಅಲೆ ಅಲೆಯಾಗಿರೋ ಗಾಜು. 1960ರ ದಶಕದಲ್ಲಿ ಕಟ್ಟಿದ ಗೋದಾಮಂತೆ ಅದು, ಕೋಕೋ, ಟೀ, ತಂಬಾಕು ತುಂಬ್ತಿದ್ರು. ಆ ಗೋಡೆಗಳನ್ನ ಹಾಗೇ ಉಳಿಸ್ಕೊಂಡು ಮೇಲೆ ಹಾಲ್ ಎತ್ತಿದಾರೆ. 77 ಮಿಲಿಯನ್ ಯೂರೋ ಸರ್ಕಾರದ ದುಡ್ಡಲ್ಲಿ ಆಗತ್ತೆ ಅಂದಿದ್ದು 789 ಮಿಲಿಯನ್‌ಗೆ ಹೋಗಿ, 2010ಕ್ಕೆ ಮುಗೀಬೇಕಿದ್ದು 2017ರ ಜನವರಿಗೆ ಓಪನ್ ಆಯ್ತು. ಊರಿನೋರು ಬೈದಿದ್ದಕ್ಕೂ ಅರ್ಥ ಇದೆ, ಈಗ ಹೆಮ್ಮೆ ಪಡೋದಕ್ಕೂ ಅರ್ಥ ಇದೆ.

ಒಳಗೆ ಹೋಗ್ತಿದ್ದ ಹಾಗೆ 82 ಮೀಟರ್ ಉದ್ದದ ಎಸ್ಕಲೇಟರ್. ನಡುವೆ ಬಾಗಿರೋದ್ರಿಂದ ಕೆಳಗೆ ನಿಂತ್ರೆ ಕೊನೆ ಕಾಣಲ್ಲ, ಎರಡೂವರೆ ನಿಮಿಷ ಬೇಕು ಮೇಲೆ ಹೋಗಕ್ಕೆ. ಅಮ್ಮ ಸೀರೆ ನೆರಿಗೆ ಎತ್ತಿ ಹಿಡ್ಕೊಂಡು "ಇದು ಎಲ್ಲಿಗೆ ಹೋಗತ್ತೋ ಗೊತ್ತಿಲ್ದೆ ನಾನು ಹತ್ತಲ್ಲಮ್ಮ" ಅಂದ್ರು, ಲಿಫ್ಟ್ ಇದೆ, ಅಲ್ಲಿ ನಿಂತಿರೋ ಸಿಬ್ಬಂದೀನ ಕೇಳಿದ್ರೆ ಕರ್ಕೊಂಡು ಹೋಗ್ತಾರೆ. 37 ಮೀಟರ್ ಎತ್ತರದಲ್ಲಿ ಪ್ಲಾಝಾ ಅಂತ ಜಗಲಿ ಇದೆ, ಅಲ್ಲಿ ಸುತ್ತಲೂ ನಡೀತಾ ಬಂದರಿನ ಕ್ರೇನು, ಹಡಗು ಎಲ್ಲಾ ನೋಡ್ಬಹುದು, ಆದ್ರೆ ಗಾಳಿ ಭಯಂಕರ, ಜೂನ್‌ನಲ್ಲೂ ಅಪ್ಪಂಗೆ ಮಫ್ಲರ್ ಬೇಕಾಯ್ತು. ಬಹಳ ಜನ ಇಷ್ಟು ನೋಡಿ ವಾಪಸ್ ಹೋಗ್ಬಿಡ್ತಾರೆ, ಅದೇ ನಂಗೆ ಬೇಜಾರು.

ಹಾಲ್ ಒಳಗೆ ಆರ್ಕೆಸ್ಟ್ರಾ ನಡುವೆ ಇರತ್ತೆ, ಸುತ್ತ ಬೆಟ್ಟದ ಗದ್ದೆ ಥರ ಮೆಟ್ಟಿಲು ಮೆಟ್ಟಿಲಾಗಿ 2100 ಸೀಟು, ಆದ್ರೂ ಆರ್ಕೆಸ್ಟ್ರಾ ನಡೆಸೋ ಕಂಡಕ್ಟರ್‌ನಿಂದ 30 ಮೀಟರ್‌ಗಿಂತ ದೂರ ಯಾರೂ ಕೂರಲ್ಲ. ಇಡೀ ಹಾಲ್‌ನ 362 ಸ್ಪ್ರಿಂಗ್ ಮೇಲೆ ಕೂರ್ಸಿರೋದ್ರಿಂದ ಹೊರಗಿನ ಹಡಗಿನ ಹಾರ್ನ್ ಕೇಳಲ್ಲ. ಗೋಡೆ ತುಂಬಾ ಗುಳಿ ಗುಳಿ, ಕಡಲ ತಳದ ಮರಳಿನ ಹಾಗೆ. ಅಂಥ 10,000 ಹಲಗೆ ಇದ್ಯಂತೆ, ಒಂದರ ಹಾಗೆ ಇನ್ನೊಂದಿಲ್ಲ, ಶಬ್ದ ಚದುರಿ ಎಲ್ಲರ ಕಿವಿಗೂ ಹಂಚ್ಲಿ ಅಂತ. ಮಂಡಿ ನೋವಿರೋರಿಗೆ ಮಾತ್ರ ಹುಷಾರು, ಮೆಟ್ಟಿಲು ಕಡಿದು, ಬುಕ್ ಮಾಡುವಾಗ್ಲೇ ಎಷ್ಟನೇ ಫ್ಲೋರ್, ಯಾವ ಸಾಲು ನೋಡ್ಕೊಳಿ, ಬಾಗಿಲಿಗೆ ಹತ್ರದ ಸಾಲು ತಗೊಳಿ.

ಹಾಲ್‌ನಲ್ಲಿ ಆರ್ಗನ್ ಅಂತ ಕೊಳವೆಗಳಲ್ಲಿ ಗಾಳಿ ಊದಿ ನುಡಿಸೋ ದೊಡ್ಡ ವಾದ್ಯ ಇದೆ, ಅದಕ್ಕೆ 4765 ಕೊಳವೆ. ಅದ್ರಲ್ಲಿ ಕೆಲವು ಜನರ ಕೈಗೆ ಸಿಗೋ ಹಾಗೇ ಇಟ್ಟಿದಾರೆ, ಮುಟ್ಟಿದ್ರೆ ಹಾಳಾಗ್ದೇ ಇರೋ ಹಾಗೆ ಲೇಪ ಕೊಟ್ಟಿದಾರೆ. ಶುರುವಾಗೋ ಮುಂಚೆ ಮಗಳು ಅಂಗೈ ಇಟ್ಟು "ತಾತ, ತಣ್ಣಗಿದೆ" ಅಂದ್ಳು, ಅಪ್ಪನೂ ಮುಟ್ಟಿ ನೋಡಿದ್ರು.

ಅಪ್ಪಂಗೆ ತೊಡೆ ಮೇಲೆ ತಾಳ ಹಾಕೋ ಅಭ್ಯಾಸ. ಈ ಹಾಲ್‌ನಲ್ಲಿ ಚಾಕೊಲೇಟ್ ಕಾಗದ ಬಿಚ್ಚಿದ್ರೂ ಹತ್ತು ಸಾಲಿಗೆ ಕೇಳತ್ತೆ, ಹಾಗಾಗಿ ಮೊದ್ಲೇ ಹೇಳಿದ್ದೆ. ಒಂದು ಕೈಯಿಂದ ಇನ್ನೊಂದು ಕೈ ಹಿಡ್ಕೊಂಡು ಕೂತಿದ್ರು. ನಿಧಾನದ ಭಾಗ ಬಂದಾಗ ನೋಡ್ತೀನಿ, ಕಿರುಬೆರಳಿಂದ ಶುರುಮಾಡಿ ಹೆಬ್ಬೆರಳಲ್ಲಿ ಎಣಿಸ್ತಿದಾರೆ, ಸದ್ದೇ ಇಲ್ಲ, ಕಣ್ಣಲ್ಲಿ ನೀರು. ಒಂದು ಭಾಗ ಮುಗಿದಾಗ ಚಪ್ಪಾಳೆ ಹೊಡೀಬಾರ್ದು, ಪೂರ್ತಿ ಮುಗಿದ್ಮೇಲೇ, ಇದನ್ನ ಮನೇಲೇ ಎಲ್ಲರಿಗೂ ಹೇಳಿ ಕರ್ಕೊಂಡು ಹೋಗಿ. ತಡವಾಗಿ ಹೋದ್ರೆ ವಿರಾಮದ ತನಕ ಹೊರಗೇ ನಿಲ್ಬೇಕಾಗ್ಬಹುದು, ಅರ್ಧ ಗಂಟೆ ಮುಂಚೆ ಇರಿ.

ಊಟಕ್ಕೆ ಪುಳಿಯೋಗರೆ ಕಟ್ಕೊಂಡು ಹೋಗಿದ್ವಿ. ಹತ್ರದಲ್ಲೇ ಮೆಗೆಲ್ಲನ್ ಟೆರಾಸೆನ್ ಅಂತ ನೀರಿಗಿಳಿಯೋ ಮೆಟ್ಟಿಲುಗಳಿವೆ, ಹಳೇ ಹಡಗುಗಳು ನಿಂತಿರತ್ತೆ, ಅಲ್ಲಿ ಕೂತು ತಿಂದ್ವಿ. ಡಬ್ಬಿ ಮುಚ್ಚಿಟ್ಟಿರಿ, ಕಡಲಹಕ್ಕಿಗಳು ಕೈಯಿಂದ್ಲೇ ಕಸೀತಾವೆ. ಅಪ್ಪ ಊಟದ ಹೊತ್ತಲ್ಲಿ ಒಂದೂ ಮಾತಾಡ್ಲಿಲ್ಲ. ಆಮೇಲೆ 72ನೇ ನಂಬರ್ ಫೆರಿ ಹತ್ತಿದ್ವಿ, ಅದು ಸಿಟಿ ಬಸ್ ಇದ್ದ ಹಾಗೆ, ಟೂರಿಸ್ಟ್ ಬೋಟ್‌ಗೆ ಜಾಸ್ತಿ ದುಡ್ಡು ಕೊಡ್ಬೇಕಿಲ್ಲ. ದೋಣಿ ತಿರುಗಿದಾಗ ಅಪ್ಪ ಆ ಗಾಜಿನ ಕಡೆ ನೋಡ್ಕೊಂಡು ಕೇಳಿದ್ರು, "ಮುಂದಿನ ಭಾನುವಾರನೂ ಇರತ್ತೇನಮ್ಮ?"